ಬೇಸ್ ಗಿಟಾರ್‌ಗೆ ಯಾವ ಡಿಐ ಬಾಕ್ಸ್? ಕರಾವಳಿಯ ವೇದಿಕೆಗೆ ಮೂರು ಡಬ್ಬಗಳ ವಿಮರ್ಶೆ

ಮಂಗಳೂರು, ಉಡುಪಿ ಕಡೆ ಬ್ಯಾಂಡ್‌ನಲ್ಲಿ ಬೇಸ್ ನುಡಿಸುವವರು ದುಡ್ಡು ಕೂಡಿಟ್ಟು ಮೊದಲು ಗಿಟಾರ್ ತರುತ್ತಾರೆ, ಆಮೇಲೆ ಆ್ಯಂಪ್. ಡಿಐ ಬಾಕ್ಸ್ (ಗಿಟಾರಿನ ಸಿಗ್ನಲ್ಲನ್ನು ಮಿಕ್ಸರಿಗೆ ಒಗ್ಗಿಸಿ ಕಳಿಸುವ ಡಬ್ಬ) ಮಾತ್ರ 'ಅದು ಸೌಂಡ್‌ನವರ ಹತ್ತಿರ ಇರ್ತದಲ್ಲ' ಎಂದು ಬಿಟ್ಟುಬಿಡುವ ಸಾಮಾನು. ಇರುವುದೇನೋ ಹೌದು. ಆದರೆ ಸ್ಟೀರಿಯೋ ಕೀಬೋರ್ಡಿಗೆ ಎರಡು, ಆಕ್ಟಾಪ್ಯಾಡಿಗೆ (ಕೋಲಿನಲ್ಲಿ ಬಾರಿಸುವ ಎಲೆಕ್ಟ್ರಾನಿಕ್ ಡ್ರಮ್) ಎರಡು ಹೋದ ಮೇಲೆ ಬೇಸ್‌ಗೆ ಉಳಿಯುವುದು ಒಂದು ಜ್ಯಾಕ್ ಕನ್ವರ್ಟರ್. ಅದನ್ನು ಚುಚ್ಚಿ ನೇರ ಸ್ಟೇಜ್ ಬಾಕ್ಸಿನ (ವೇದಿಕೆಯ ಕೇಬಲುಗಳನ್ನು ಮಿಕ್ಸರಿಗೆ ಸೇರಿಸುವ ಪೆಟ್ಟಿಗೆ) ಮೈಕ್ ಇನ್‌ಪುಟ್ಟಿಗೆ ಹಾಕಿದರೆ ಸದ್ದು ಬರುತ್ತದೆ, ಬೇಸ್ ಬರುವುದಿಲ್ಲ. ಕೇಳುವವರು ಇದನ್ನು 'ಬೇಸ್ ಇಲ್ಲ' ಎಂದು ಹೇಳುವುದೂ ಇಲ್ಲ. 'ಎಂತದೋ ಖಾಲಿ ಖಾಲಿ ಅನಿಸ್ತದೆ ಮಾರಾಯ್ರೆ' ಅನ್ನುತ್ತಾರೆ, ಅಷ್ಟೆ.

ಕಾರಣ ಸರಳ. ಬ್ಯಾಟರಿ ಇಲ್ಲದ ಮಾಮೂಲಿ ಬೇಸ್‌ನ ಪಿಕಪ್ (ತಂತಿಯ ಕಂಪನ ಹಿಡಿಯುವ ಸುರುಳಿ) ಸುತ್ತಿನ ರೋಧವೇ ಸುಮಾರು 7ರಿಂದ 11 ಕಿಲೋ ಓಮ್ ಇರುತ್ತದೆ. ಅದರ ಮುಂದಿನ ಯಂತ್ರದ ಇನ್‌ಪುಟ್ 1 ಮೆಗಾ ಓಮ್‌ನಷ್ಟು ಇದ್ದರೆ ಪಿಕಪ್ ಆರಾಮಾಗಿ ಉಸಿರಾಡುತ್ತದೆ. ಮಿಕ್ಸರಿನ ಮೈಕ್ ಇನ್‌ಪುಟ್ ಇರುವುದು ಒಂದೂವರೆ, ಎರಡು ಕಿಲೋ ಓಮ್‌ನ ಸುತ್ತಮುತ್ತ. ತಂತಿಯನ್ನು ಮೀಟಿದ ಹೊಡೆತ, ಬೆರಳಿನ ಗೀರು, ಸ್ವರದ ಅಂಚು ಎಲ್ಲ ಅಲ್ಲೇ ಸೋರಿಹೋಗಿ, ಕಂಬಳಿ ಹೊದೆಸಿದ ಗುಮ್ಮೆನ್ನುವ ಸದ್ದು ಮಾತ್ರ ದಾಟುತ್ತದೆ. ಕೇಬಲ್ ಉದ್ದವಾದಷ್ಟೂ ಕಷ್ಟ ಹೆಚ್ಚು. ಗಿಟಾರ್ ಕೇಬಲ್ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಹೊತ್ತುಕೊಂಡಿರುತ್ತದೆ. ಆರು ಮೀಟರಿನಲ್ಲಿ ಇದು ಲೆಕ್ಕಕ್ಕಿಲ್ಲ. ಮೂವತ್ತು ಮೀಟರ್ ಎಳೆದು ಸೌಂಡ್ ಟೇಬಲ್‌ವರೆಗೆ ಒಯ್ದರೆ ಹೈ ಫ್ರೀಕ್ವೆನ್ಸಿ ಸತ್ತುಹೋಗಿ, ದಾರಿಯಲ್ಲಿ ಸಿಕ್ಕ ಲೈಟಿನ ಗುಂಯ್ ಶಬ್ದವೂ ಜೊತೆಗೆ ಬರುತ್ತದೆ. ಡಿಐ ಬಾಕ್ಸಿನ ಕೆಲಸ ಇಷ್ಟೇ: ಗಿಟಾರಿಗೆ ದೊಡ್ಡ ಇನ್‌ಪುಟ್ ಕೊಡುವುದು, ಮಿಕ್ಸರಿಗೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್‌ನಲ್ಲಿ ಬ್ಯಾಲೆನ್ಸ್ಡ್ ಸಿಗ್ನಲ್ (ಎರಡು ತಂತಿಯಲ್ಲಿ ಹೋಗಿ ದಾರಿಯ ಗುಂಯ್ ಕಳೆದುಕೊಳ್ಳುವಂಥದ್ದು) ಕಳಿಸುವುದು.

ಇಲ್ಲಿ ನೋಡುತ್ತಿರುವುದು ಮೂರು ಜಾತಿಯ ಮೂರು ಡಬ್ಬ: ಬೆಹ್ರಿಂಗರ್ ಡಿಐ100, ರೇಡಿಯಲ್ ಜೆಡಿಐ, ಟೆಕ್ 21ರ ಸಾನ್ಸ್‌ಆ್ಯಂಪ್ ಬೇಸ್ ಡ್ರೈವರ್ ಡಿಐ. ತೂಗುವುದು ಸ್ಟುಡಿಯೋದ ತಕ್ಕಡಿಯಲ್ಲಿ ಅಲ್ಲ. ಒಂದೇ ವಾರದಲ್ಲಿ ಮದುವೆ ರಿಸೆಪ್ಷನ್, ಮೊಸರುಕುಡಿಕೆಯ ರಸಮಂಜರಿ, ಶನಿವಾರ ರಾತ್ರಿ ರೆಸ್ಟೋರೆಂಟಿನ ಮೂಲೆಯ ವೇದಿಕೆ ಮೂರನ್ನೂ ಮುಗಿಸಬೇಕಾದವರ ಚೀಲದಲ್ಲಿ ಯಾವುದು ಇರಬೇಕು ಎಂಬುದಷ್ಟೇ ಪ್ರಶ್ನೆ.

ಮೊದಲು ಬೆಹ್ರಿಂಗರ್ ಡಿಐ100. ಮೂರರಲ್ಲಿ ಎಲ್ಲಕ್ಕಿಂತ ಅಗ್ಗ, ಇಲ್ಲಿನ ಸೌಂಡ್‌ನವರ ಪೆಟ್ಟಿಗೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದೂ ಇದೇ. ಆ್ಯಕ್ಟಿವ್ ಜಾತಿಯದು, ಅಂದರೆ ಒಳಗಿನ ಸರ್ಕ್ಯೂಟಿಗೆ ಕರೆಂಟು ಬೇಕು. 9 ವೋಲ್ಟ್ ಬ್ಯಾಟರಿಯಲ್ಲೂ ಓಡುತ್ತದೆ, ಮಿಕ್ಸರಿನಿಂದ ಬರುವ ಫ್ಯಾಂಟಮ್ ಪವರ್‌ನಲ್ಲೂ ಓಡುತ್ತದೆ. ಗ್ರೌಂಡ್ ಲಿಫ್ಟ್ (ಕೇಬಲಿನ ಗ್ರೌಂಡ್ ಸಂಪರ್ಕ ಬಿಡಿಸುವ) ಗುಂಡಿ ಉಂಟು, ಸಿಗ್ನಲ್ ತಗ್ಗಿಸಲು ಪ್ಯಾಡ್ ಗುಂಡಿಗಳು ಉಂಟು. ಹೊರಗಿನ ಲೋಹದ ಕವಚ ಗಟ್ಟಿ, ವೇದಿಕೆಯಲ್ಲಿ ಯಾರಾದರೂ ಕಾಲಿಟ್ಟರೂ ಚಿಂತೆ ಇಲ್ಲ. ಬ್ಯಾಟರಿ ಇಲ್ಲದ ಬೇಸ್‌ಗೆ ಪ್ಯಾಡ್ ಸೊನ್ನೆಯಲ್ಲೇ ಇರಲಿ. ಪ್ರೀಆ್ಯಂಪ್ ಇರುವ ಆ್ಯಕ್ಟಿವ್ ಬೇಸ್‌ನಲ್ಲಿ ಸ್ಲ್ಯಾಪ್ (ಹೆಬ್ಬೆರಳಿನಿಂದ ತಂತಿಗೆ ಬಡಿಯುವುದು) ಹೊಡೆಯುವಾಗ ತುದಿ ಒಡೆದರೆ ಒಂದು ಮೆಟ್ಟಿಲು ಇಳಿಸಿ, ಮಿಕ್ಸರಿನ ಗೇನ್ ಅಷ್ಟೇ ಏರಿಸಿಕೊಳ್ಳಿ.

ಕೊಳ್ಳುವಾಗ ಒಂದು ಎಚ್ಚರ. ಇದೇ ಕಂಪೆನಿಯ ಜಿಐ100 ಎಂಬ ಡಬ್ಬ ನೋಡಲು ಇದರ ಅಣ್ಣತಮ್ಮನ ಹಾಗೆ. ಅದು ಎಲೆಕ್ಟ್ರಿಕ್ ಗಿಟಾರಿನವರಿಗಾಗಿ, 4x12 ಸ್ಪೀಕರ್ ಪೆಟ್ಟಿಗೆಯ ನಕಲು ಮಾಡುವಂಥದ್ದು. ಆ ನಕಲು ಬೇಸ್‌ಗೆ ಒಗ್ಗುವಂಥದ್ದಲ್ಲ. ಹೆಸರಿನ ಮೊದಲ ಅಕ್ಷರ ನೋಡಿಯೇ ಬಿಲ್ ಮಾಡಿಸಿ.

ಡಿಐ100ರ ದೌರ್ಬಲ್ಯ ಎಲ್ಲ ಆ್ಯಕ್ಟಿವ್ ಡಬ್ಬಗಳದ್ದೇ: ಕರೆಂಟು. ಫ್ಯಾಂಟಮ್ ಕೊಟ್ಟಿದ್ದಾರೆ ಎಂದು ನಂಬಿ ಬ್ಯಾಟರಿ ಹಾಕದೆ ಹೋದರೆ, ನಡುವಿನ ಹಾಡಿನಲ್ಲಿ ಯಾರೋ ಮಿಕ್ಸರಿನ ಫ್ಯಾಂಟಮ್ ಆರಿಸಿದ ಕ್ಷಣ ಬೇಸ್ ಮಾಯ. ಚಿಕ್ಕ ಅನಲಾಗ್ ಮಿಕ್ಸರುಗಳಲ್ಲಿ ಫ್ಯಾಂಟಮ್‌ಗೆ ಎಲ್ಲ ಚಾನೆಲ್‌ಗೂ ಸೇರಿ ಒಂದೇ ಗುಂಡಿ ಇರುವುದು ಸಾಮಾನ್ಯ, ಹಾಗಾಗಿ ಇದು ಅಪರೂಪದ ಅಪಘಾತವೂ ಅಲ್ಲ. ಬ್ಯಾಟರಿಯೇ ಇಳಿಯುತ್ತಿದ್ದರೆ ಮೊದಲ ಸುಳಿವು ಜೋರಾಗಿ ಮೀಟಿದಾಗ ಬರುವ ಪರ್ ಎನ್ನುವ ಒಡಕು. ಮೆತ್ತಗೆ ನುಡಿಸಿದರೆ ಸರಿ ಇರುತ್ತದೆ. ಸೌಂಡ್ ಚೆಕ್‌ನಲ್ಲಿ ಯಾರೂ ಜೋರಾಗಿ ನುಡಿಸುವುದಿಲ್ಲವಾದ್ದರಿಂದ ಅದು ಗೊತ್ತಾಗುವುದು ಬೈಲಾ (ಕುಣಿತದ ಹಾಡು) ಶುರುವಾದ ಮೇಲೆ. ತಿಂಗಳಿಗೆ ನಾಲ್ಕಾರು ಕಾರ್ಯಕ್ರಮ ಇರುವವರು ಬ್ಯಾಟರಿಯ ಮೇಲೆ ಹಾಕಿದ ತಾರೀಕು ಬರೆದಿಡುವುದು ಒಳ್ಳೆಯದು.

ರೇಡಿಯಲ್ ಜೆಡಿಐ ಇದರ ತೀರಾ ವಿರುದ್ಧ ಸ್ವಭಾವದ್ದು. ಕೆನಡಾದ ಕಂಪೆನಿ, ಒಳಗೆ ಜೆನ್ಸೆನ್ ಟ್ರಾನ್ಸ್‌ಫಾರ್ಮರ್. ಬ್ಯಾಟರಿ ಬೇಡ, ಫ್ಯಾಂಟಮ್ ಬೇಡ. ಇನ್‌ಪುಟ್‌ಗೂ ಔಟ್‌ಪುಟ್‌ಗೂ ನಡುವೆ ತಂತಿಯ ನೇರ ಸಂಪರ್ಕ ಇಲ್ಲದೆ ಕಾಂತಕ್ಷೇತ್ರದ ಮೂಲಕವೇ ಸಿಗ್ನಲ್ ದಾಟುವುದರಿಂದ ಗ್ರೌಂಡ್ ಲೂಪ್ (ಎರಡು ಅರ್ಥಿಂಗ್ ನಡುವೆ ಹುಟ್ಟುವ ಗುಂಯ್) ಕತ್ತರಿಸುವುದರಲ್ಲಿ ಇದಕ್ಕೆ ಸಾಟಿ ಕಷ್ಟ. 15 ಡಿಬಿ ಪ್ಯಾಡ್, ಪೊಲಾರಿಟಿ (ಸಿಗ್ನಲ್ಲಿನ ಪ್ಲಸ್ ಮೈನಸ್) ತಿರುಗಿಸುವ ಗುಂಡಿ, ಗ್ರೌಂಡ್ ಲಿಫ್ಟ್ ಎಲ್ಲ ಉಂಟು. ಕೀಬೋರ್ಡ್, ಆಕ್ಟಾಪ್ಯಾಡ್, ಲ್ಯಾಪ್‌ಟಾಪಿನ ಮೈನಸ್ ಟ್ರ್ಯಾಕ್ (ಹಾಡುವ ದನಿ ತೆಗೆದ ಹಿನ್ನೆಲೆ ಸಂಗೀತ) ಇಂಥವಕ್ಕೆ ಕಣ್ಣು ಮುಚ್ಚಿ ಕೊಳ್ಳಬಹುದು.

ಬೇಸ್‌ಗೆ ಮಾತ್ರ ಒಂದು 'ಆದರೆ' ಉಂಟು. ಇದರ ಇನ್‌ಪುಟ್ 140 ಕಿಲೋ ಓಮ್. ಬ್ಯಾಟರಿ ಇಲ್ಲದ ಪಿಕಪ್‌ಗೆ ಇದು ಸ್ವಲ್ಪ ಭಾರವೇ. ಮೇಲಿನ ಅಂಚು ಕೊಂಚ ಮೆತ್ತಗಾಗುತ್ತದೆ. ಹಳೆ ಹಿಂದಿ ಹಾಡು, ವಾಲ್ಟ್ಸ್, ನಿಧಾನದ ಕೊಂಕಣಿ ಹಾಡುಗಳಿಗೆ ಆ ಮೆತ್ತನೆ ಚೆನ್ನಾಗಿಯೇ ಇರುತ್ತದೆ, ಕೆಲವರು ಅದಕ್ಕೇ ಇದನ್ನು ಮೆಚ್ಚುವುದು. ಹೊಸ ಸಿನಿಮಾ ಹಾಡುಗಳ ಪಿಕ್ ಹೊಡೆತ, ಸ್ಲ್ಯಾಪ್ ಬೇಕಾದವರಿಗೆ ಸಾಲದು. ಪರಿಹಾರ ಸುಲಭ: ಮುಂದೆ ಬಫರ್ (ಪಿಕಪ್ಪಿಗೆ ಭಾರ ಬೀಳದಂತೆ ನೋಡಿಕೊಳ್ಳುವ ಸರ್ಕ್ಯೂಟ್) ಇರುವ ಒಂದು ಪೆಡಲ್ ಇಡುವುದು. ಬಾಸ್ ಕಂಪೆನಿಯ ಟಿಯು-3 ಟ್ಯೂನರ್ ಅಂಥದ್ದೇ, ಅದರ ಇನ್‌ಪುಟ್ 1 ಮೆಗಾ ಓಮ್. ಟ್ಯೂನ್ ಮಾಡುವಾಗ ಸದ್ದನ್ನೂ ಮುಚ್ಚುತ್ತದೆ. ಕೇಕ್ ಕತ್ತರಿಸಿ ಟೋಸ್ಟ್ ಹೇಳುವಾಗ ಗಿಟಾರಿನ ಗುಂಯ್‌ಗುಡುವಿಕೆ ಹಾಲ್ ತುಂಬ ಕೇಳಬಾರದಲ್ಲ, ಅದಕ್ಕೂ ಆಯಿತು. ಆ್ಯಕ್ಟಿವ್ ಬೇಸ್ ಇದ್ದರೆ ಈ ತಲೆಬಿಸಿಯೇ ಇಲ್ಲ, ನೇರ ಹಾಕಿ. ಬೆಲೆ ಮಾತ್ರ ಡಿಐ100ರ ಎಷ್ಟೋ ಪಟ್ಟು. ಗಿಟಾರೇ ಅಗ್ಗದ್ದಿದ್ದಾಗ ಅಷ್ಟು ದುಡ್ಡು ಡಬ್ಬಕ್ಕೆ ಹಾಕುವುದು ಸರಿ ಕಾಣುವುದಿಲ್ಲ.

ಮೂರನೆಯದು ಸಾನ್ಸ್‌ಆ್ಯಂಪ್. ಇದು ಡಿಐ ಮಾತ್ರ ಅಲ್ಲ, ಟ್ಯೂಬ್ ಆ್ಯಂಪಿನ ಧ್ವನಿಯನ್ನು ಅನಲಾಗ್ ಸರ್ಕ್ಯೂಟಿನಲ್ಲಿ ಅನುಕರಿಸುವ ಪ್ರೀಆ್ಯಂಪ್. ಆ್ಯಂಪೇ ಇಲ್ಲದ ವೇದಿಕೆಗೆ ಹುಟ್ಟಿದ ವಸ್ತು ಎನ್ನಬಹುದು. ನಮ್ಮಲ್ಲಿ ಅಂಥ ವೇದಿಕೆಯೇ ಹೆಚ್ಚು: ಎರಡನೇ ಮಹಡಿಯ ಹಾಲ್, ಲಿಫ್ಟ್ ಇಲ್ಲ, 15 ಇಂಚಿನ ಸ್ಪೀಕರಿನ ಪೆಟ್ಟಿಗೆ ಹೊರಲು ಜನ ಇಲ್ಲ, ಹೊತ್ತರೂ ಮೆಟ್ಟಿಲ ಬಳಿ ಇಡಲು ಜಾಗ ಇಲ್ಲ. ಪೆಡಲ್ ಮೇಲೆ ಪ್ರೆಸೆನ್ಸ್, ಡ್ರೈವ್, ಬ್ಲೆಂಡ್, ಲೆವೆಲ್, ಬೇಸ್, ಟ್ರೆಬಲ್ ತಿರುಪುಗಳು. ಎರಡನೇ ಆವೃತ್ತಿಯಲ್ಲಿ ಮಿಡ್ ಕೂಡ ಉಂಟು, ಅದು 500 ಹರ್ಟ್ಸ್‌ನಲ್ಲಿ ಕೆಲಸ ಮಾಡಬೇಕೋ 1000ದಲ್ಲೋ ಎಂದು ಆರಿಸುವ ಸ್ವಿಚ್, ಬೇಸ್ 40ರಲ್ಲೋ 80ರಲ್ಲೋ ಎಂದು ಆರಿಸುವ ಇನ್ನೊಂದು.

ಆ ಮಿಡ್ ತಿರುಪಿಗಾಗಿಯೇ ಎರಡನೇ ಆವೃತ್ತಿ ಕೊಳ್ಳಿ. ಹಳೆಯದರ ಧ್ವನಿ ನಡುವೆ ತಗ್ಗಿ ಎರಡೂ ತುದಿಯಲ್ಲಿ ಉಬ್ಬಿದ್ದು. ಮನೆಯಲ್ಲಿ ಒಬ್ಬರೇ ಹೆಡ್‌ಫೋನ್ ಹಾಕಿ ನುಡಿಸಿದರೆ ಸ್ವರ್ಗ. ಕೀಬೋರ್ಡಿನ ಎಡಗೈ, ಆಕ್ಟಾಪ್ಯಾಡಿನ ಕಿಕ್, ಢೋಲಕ್ ಎಲ್ಲ ಸೇರಿದ ಕೂಡಲೇ ಅದೇ ಧ್ವನಿ ಮುಳುಗುತ್ತದೆ. ಬೇಸ್‌ನ ಯಾವ ಸ್ವರ ನುಡಿಯುತ್ತಿದೆ ಎಂದು ಕಿವಿಗೆ ಗೊತ್ತಾಗುವುದು ನಡುವಿನಿಂದ, ಅಡಿಯಿಂದಲ್ಲ.

ಬ್ಲೆಂಡ್ ಎಂಬುದು ಗಿಟಾರಿನ ಶುದ್ಧ ಸಿಗ್ನಲ್ಲನ್ನೂ ಆ್ಯಂಪ್ ಅನುಕರಣೆಯನ್ನೂ ಎಷ್ಟೆಷ್ಟು ಬೆರೆಸಬೇಕು ಎಂಬ ತಿರುಪು. ಪೂರ್ತಿ ಏರಿಸುವವರೇ ಹೆಚ್ಚು, ಅದೇ ತಪ್ಪು. ಮಿಶ್ರ ಹಾಡುಗಳ ಕಾರ್ಯಕ್ರಮಕ್ಕೆ ಹೀಗೆ ಶುರುಮಾಡಿ: ಡ್ರೈವ್ ಹತ್ತು ಗಂಟೆಯ ಮುಳ್ಳಿನ ಜಾಗ, ಪ್ರೆಸೆನ್ಸ್ ಒಂಬತ್ತೂವರೆ, ಬ್ಲೆಂಡ್ ಹನ್ನೆರಡು, ಬೇಸ್ ಹನ್ನೆರಡು, ಟ್ರೆಬಲ್ ಹನ್ನೊಂದು, ಮಿಡ್ ಒಂದು ಗಂಟೆ, ಸ್ವಿಚ್ 500ರಲ್ಲಿ. ಆಮೇಲೆ ಪೆಡಲ್ ತುಳಿದಾಗಲೂ ಬಿಟ್ಟಾಗಲೂ ಜೋರು ಒಂದೇ ಇರುವಂತೆ ಲೆವೆಲ್ ಹೊಂದಿಸಿ. ಇದನ್ನು ಮರೆತು ನಡುವೆ ಪೆಡಲ್ ತುಳಿದರೆ ಸೌಂಡ್‌ನವರು ಫೇಡರ್ ಕೆಳಗಿಳಿಸುತ್ತಾರೆ, ಪೆಡಲ್ ಬಿಟ್ಟಾಗ ಮೇಲೇರಿಸುವುದಿಲ್ಲ.

ಸಬ್ (ಅಡಿಯ ಸ್ವರಗಳಿಗೆಂದೇ ಇರುವ ದೊಡ್ಡ ಸ್ಪೀಕರ್) ಇಲ್ಲದ ರೆಸ್ಟೋರೆಂಟು, ಪಬ್‌ಗಳಲ್ಲಿ ಮಾತು ಬೇರೆ. ಅಲ್ಲಿ ಇರುವುದು ಸ್ಟ್ಯಾಂಡಿನ ಮೇಲೆ ಎರಡು ಸ್ಪೀಕರ್. ಬೇಸ್‌ನ ಬಿಡಿ ಇ ತಂತಿಯ ಮೂಲಸ್ವರ 41 ಹರ್ಟ್ಸ್, ಐದು ತಂತಿಯ ಬೇಸ್‌ನ ಕೆಳಗಿನ ಬಿ 31 ಹರ್ಟ್ಸ್. ಆ ಸ್ಪೀಕರುಗಳು ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಬೇಸ್ ತಿರುಪು ಏರಿಸಿದಷ್ಟೂ ಕೋನ್ ಒದ್ದಾಡಿ ಹಾಡುವವರ ಧ್ವನಿಯೂ ಅದರ ಜೊತೆ ನಡುಗುತ್ತದೆ. ಬದಲಿಗೆ ಬೇಸ್ ತಿರುಪನ್ನು ಹತ್ತು ಗಂಟೆಗೆ ಇಳಿಸಿ, ಮಿಡ್ ಸ್ವಿಚ್ 1000ಕ್ಕೆ ಹಾಕಿ, ಡ್ರೈವ್ ಹನ್ನೊಂದಕ್ಕೆ ಏರಿಸಿ. ಮೇಲಿನ ಹಾರ್ಮೋನಿಕ್‌ಗಳು ಸ್ಪಷ್ಟವಾದರೆ ಇಲ್ಲದ ಮೂಲಸ್ವರವನ್ನು ಕಿವಿಯೇ ತುಂಬಿಕೊಳ್ಳುತ್ತದೆ. ಮೂರು ಡಬ್ಬಗಳಲ್ಲಿ ಈ ಉಪಾಯ ತನ್ನೊಳಗೇ ಇಟ್ಟುಕೊಂಡಿರುವುದು ಸಾನ್ಸ್‌ಆ್ಯಂಪ್ ಒಂದೇ.

ಯಾವ ಡಬ್ಬ ತಂದರೂ ಸರಿ, ಆಚೆ ತುದಿಯಲ್ಲಿ ಒಂದು ಗುಂಡಿ ಒತ್ತಿಕೊಂಡಿದ್ದರೆ ದುಡ್ಡು ನೀರಿಗೆ ಹಾಕಿದ ಹಾಗೆ. ಅದು ಮಿಕ್ಸರ್ ಚಾನೆಲಿನ ಲೋ ಕಟ್, ಅಂದರೆ ಅಡಿಯ ಸ್ವರ ಕತ್ತರಿಸುವ ಗುಂಡಿ. ಅನಲಾಗ್ ಮಿಕ್ಸರುಗಳಲ್ಲಿ ಸಾಮಾನ್ಯವಾಗಿ 80 ಅಥವಾ 100 ಹರ್ಟ್ಸ್‌ಗೆ ಕಟ್ ಆಗುವಂತೆ ಇರುತ್ತದೆ, ಆಕ್ಟೇವಿಗೆ 18 ಡಿಬಿಯ ಇಳಿಜಾರು. 80ರಲ್ಲಿ ಕಟ್ ಇದ್ದರೆ 41 ಹರ್ಟ್ಸ್‌ನ ಇ ಸ್ವರ ಅಂದಾಜು 18 ಡಿಬಿ ಕೆಳಗೆ ಹೋಯಿತು. ಹಿಂದಿನ ರಾತ್ರಿ ಅದೇ ಚಾನೆಲಿನಲ್ಲಿ ಯಕ್ಷಗಾನದ ಭಾಗವತರ ಮೈಕ್ ಇದ್ದಿರಬಹುದು, ಅಲ್ಲಿ ಲೋ ಕಟ್ ಒತ್ತಿದ್ದು ಸರಿಯೇ. ಬೆಳಿಗ್ಗೆ ಗುಂಡಿ ಹಾಗೇ ಉಳಿದದ್ದು ಯಾರ ತಪ್ಪೂ ಅಲ್ಲ. 'ಅಣ್ಣಾ, ಬೇಸ್ ಚಾನೆಲಿನ ಲೋ ಕಟ್ ಒಮ್ಮೆ ನೋಡ್ತೀರಾ?' ಎಂದು ಕೇಳುವುದಕ್ಕೆ ಹತ್ತು ಸೆಕೆಂಡು ಸಾಕು. 'ಬೇಸ್ ಜಾಸ್ತಿ ಮಾಡಿ' ಎಂದರೆ ಅವರು ಈಕ್ಯೂ ತಿರುಗಿಸುತ್ತಾರೆ, ಗುಂಯ್ ಹೆಚ್ಚಾಗುತ್ತದೆ, ಸ್ವರ ಹೆಚ್ಚಾಗುವುದಿಲ್ಲ. ಡಿಜಿಟಲ್ ಮಿಕ್ಸರ್ ಇದ್ದರೆ ಲೋ ಕಟ್ಟನ್ನು 30ರಿಂದ 35ಕ್ಕೆ ಇಡಲು ಹೇಳಿ, ತೀರಾ ತೆಗೆಯುವುದೂ ಬೇಡ. ಗೇನ್ ಹಿಡಿಯುವಾಗ ಅತಿ ಜೋರಾದ ಹೊಡೆತವನ್ನೇ ಕೊಡಿ, ಮೀಟರ್ ಮೈನಸ್ 12ರ ಹತ್ತಿರ ನಿಂತರೆ ಸಾಕು.

ಕೀಬೋರ್ಡಿನ ಎಡಗೈಯ ಮಾತು ಡಬ್ಬಕ್ಕೆ ಸಂಬಂಧಿಸಿದ್ದಲ್ಲವಾದರೂ ಹೇಳದೆ ವಿಧಿ ಇಲ್ಲ. ಬೇಸ್ ವಾದಕರಿಲ್ಲದ ತಂಡಗಳಲ್ಲಿ ನುಡಿಸಿ ರೂಢಿಯಾದ ಕೀಬೋರ್ಡಿನವರು ಎಡಗೈಯಲ್ಲಿ ಬೇಸ್ ಹಿಡಿದೇ ಇರುತ್ತಾರೆ. ಎರಡೂ ಸೇರಿದರೆ ಯಾವ ಪ್ರೀಆ್ಯಂಪ್ ಬಂದರೂ ಗಂಜಿ. ಕೀಲಿಮಣೆಯ ಎಡಭಾಗಕ್ಕೆ ಬೇಸ್ ದನಿ ಕೊಡುವ ಸ್ಪ್ಲಿಟ್ ತೆಗೆಸಿ, ಇಲ್ಲವೇ ಎಡಗೈ ಒಂದು ಆಕ್ಟೇವ್ ಮೇಲೆ ಹೋಗಲಿ.

ಗುಂಯ್ ಎನ್ನುವುದರ ಬಗ್ಗೆ ಬಿಡಿಸಿ ಹೇಳಬೇಕು. ಅದು ಬಂದ ಕೂಡಲೇ ಎಲ್ಲರೂ ಡಬ್ಬವನ್ನೇ ಬೈಯುವುದು. ಮೂರು ಬಗೆ ಉಂಟು, ಮೂರಕ್ಕೂ ಮದ್ದು ಬೇರೆ.

ತಂತಿ ಮುಟ್ಟಿದಾಗ ಕಡಿಮೆಯಾದರೆ ಅದು ಗಿಟಾರಿನ ಒಳಗಿನ ಶೀಲ್ಡಿಂಗ್ ಸಾಲದ್ದು. ನಿಂತ ದಿಕ್ಕು ಬದಲಿಸಿದಾಗ ಏರಿಳಿದರೆ ಪಿಕಪ್ ಹತ್ತಿರದ ಡಿಮ್ಮರ್, ಎಲ್‌ಇಡಿ ವಾಲ್‌ನ ಪವರ್ ಸಪ್ಲೈ ಇತ್ಯಾದಿಯಿಂದ ಹಿಡಿಯುತ್ತಿದೆ. ಜಾಜ್ ಬೇಸ್ ಮಾದರಿಯದಾದರೆ ಎರಡೂ ವಾಲ್ಯೂಮ್ ಸಮ ಇಟ್ಟು ನೋಡಿ, ಎರಡು ಪಿಕಪ್‌ಗಳು ಒಂದರ ಗುಂಯ್ ಇನ್ನೊಂದು ಅಳಿಸುತ್ತವೆ. ಪ್ರಿಸಿಷನ್ ಬೇಸ್‌ಗೆ 1957ರಲ್ಲಿ ಬಂದ ಎರಡು ತುಂಡಿನ ಪಿಕಪ್ ಈ ಅಳಿಸುವಿಕೆಯನ್ನು ತಾನಾಗಿಯೇ ಮಾಡುತ್ತದೆ. ಬೆಳಕಿನ ಕೆಳಗೆ ನಿಂತು ನುಡಿಸುವವರಲ್ಲಿ ಅದಕ್ಕೆ ಬೇಡಿಕೆ ಇರುವುದಕ್ಕೆ ಇದೂ ಒಂದು ಕಾರಣ. ಇವೆರಡಕ್ಕೂ ಗ್ರೌಂಡ್ ಲಿಫ್ಟ್ ಒತ್ತಿ ಪ್ರಯೋಜನ ಇಲ್ಲ.

ಮೂರನೆಯದು ಏನು ಮಾಡಿದರೂ ಬದಲಾಗದ, ಒಂದೇ ಸಮನೆ 50 ಮತ್ತು 100 ಹರ್ಟ್ಸ್‌ನಲ್ಲಿ ಕೂಗುವ ಗುಂಯ್. ಇದು ಗ್ರೌಂಡ್ ಲೂಪ್. ವೇದಿಕೆಯ ಆ್ಯಂಪ್ ಹಾಲ್‌ನ ಬೋರ್ಡಿನಿಂದ ಕರೆಂಟು ತೆಗೆದುಕೊಂಡು, ಮಿಕ್ಸರ್ ಜನರೇಟರಿನಿಂದ ತೆಗೆದುಕೊಂಡಾಗ ಎರಡು ಅರ್ಥಿಂಗ್‌ಗಳ ನಡುವಿನ ವ್ಯತ್ಯಾಸ ಎಕ್ಸ್‌ಎಲ್‌ಆರ್‌ನ ಒಂದನೇ ಪಿನ್ ಮೂಲಕ ಹರಿಯುತ್ತದೆ. ಆಗ ಒತ್ತಬೇಕಾದದ್ದು ಗ್ರೌಂಡ್ ಲಿಫ್ಟ್. ಜೆಡಿಐ ಇಲ್ಲಿ ಗೆಲ್ಲುತ್ತದೆ. ಆ್ಯಕ್ಟಿವ್ ಡಬ್ಬಗಳಲ್ಲಿ ಕೆಲವು ಫ್ಯಾಂಟಮ್‌ನಲ್ಲಿ ಓಡುವಾಗ ಲಿಫ್ಟ್ ಒತ್ತಿದರೆ ಸುಮ್ಮನಾಗುತ್ತವೆ, ಆಗ ಬ್ಯಾಟರಿಗೆ ಬದಲಿಸಿ. ವೇದಿಕೆಯಲ್ಲಿ ಆ್ಯಂಪ್ ಇಲ್ಲದೆ, ಡಬ್ಬ ಬ್ಯಾಟರಿಯಲ್ಲೇ ಓಡುತ್ತಿದ್ದರೆ ಲೂಪ್ ಹುಟ್ಟುವುದಕ್ಕೇ ದಾರಿ ಇಲ್ಲ.

ಏನೇ ಆದರೂ ಮೂರು ಪಿನ್ ಪ್ಲಗ್ಗಿನ ಅರ್ಥ್ ಪಿನ್ ಕಿತ್ತು ಗುಂಯ್ ನಿಲ್ಲಿಸುವ ಕೆಲಸಕ್ಕೆ ಕೈ ಹಾಕಬೇಡಿ. ಸದ್ದು ನಿಲ್ಲುತ್ತದೆ, ಅದರ ಜೊತೆಗೆ ಆ್ಯಂಪಿನ ಚಾಸಿಗೆ ಇದ್ದ ಏಕೈಕ ರಕ್ಷಣೆಯೂ ಹೋಗುತ್ತದೆ. ತಂತಿಯ ಮೇಲೆ ಕೈ ಇಟ್ಟು ತುಟಿ ಮೈಕಿಗೆ ತಾಗಿದಾಗ ಜುಮ್ ಎನ್ನುವುದು ಎಷ್ಟೋ ಸಲ ಅರ್ಥಿಂಗ್ ಇಲ್ಲದ ಬೋರ್ಡಿನ ಲಕ್ಷಣ. ಅರ್ಥ್ ಸಿಗದ ಪವರ್ ಸಪ್ಲೈಗಳ ಚಾಸಿ, ಒಳಗಿನ ಫಿಲ್ಟರ್ ಕೆಪಾಸಿಟರುಗಳಿಂದಾಗಿ 230ರ ಅರ್ಧದಷ್ಟು ವೋಲ್ಟಿನಲ್ಲಿ ತೇಲುತ್ತಿರುತ್ತದೆ. ಕರೆಂಟು ಅತ್ಯಲ್ಪ, ಟೆಸ್ಟರಿನ ದೀಪ ಹತ್ತುವಷ್ಟು ಮಾತ್ರ. ಆದರೆ ಅದು ಬರೀ ಈ ಸೋರಿಕೆಯೋ, ನಿಜವಾಗಿಯೂ ಫೇಸ್ ತಂತಿ ಚಾಸಿಗೆ ತಾಗಿದ್ದೋ ಎಂದು ಜುಮ್ ನೋಡಿ ಹೇಳಲಾಗದು. ಮಳೆಗೆ ನೆನೆದ ಚಪ್ಪರದಡಿ, ಒದ್ದೆ ಮ್ಯಾಟಿನ ಮೇಲೆ ಬರಿಗಾಲಲ್ಲಿ ನಿಂತು ಆ ಪರೀಕ್ಷೆ ಮಾಡುವುದೂ ಬೇಡ. ಎಲೆಕ್ಟ್ರಿಷಿಯನ್ ಬಂದು ಬೋರ್ಡ್ ನೋಡುವವರೆಗೆ ಆ್ಯಂಪ್ ಆರಿಸಿ ಪ್ಲಗ್ಗನ್ನೂ ತೆಗೆದು, ಬ್ಯಾಟರಿ ಡಿಐಯಲ್ಲಿ ನುಡಿಸಿ, ಮೈಕಿಗೆ ಸ್ಪಂಜಿನ ಟೋಪಿ ಹಾಕಿಸಿ.

ಕೇಬಲ್ ಕೂಡ ಸ್ವಂತದ್ದೇ ಇರಲಿ: ಆರು ಮೀಟರಿನ ಗಿಟಾರ್ ಕೇಬಲ್ ಎರಡು, ಹತ್ತು ಮೀಟರಿನ ಎಕ್ಸ್‌ಎಲ್‌ಆರ್ ಒಂದು. ಎಕ್ಸ್‌ಎಲ್‌ಆರ್‌ನಲ್ಲಿ ಒಂದನೇ ಪಿನ್ ಶೀಲ್ಡ್, ಎರಡು ಹಾಟ್, ಮೂರು ಕೋಲ್ಡ್. ಬೆಸುಗೆಯಲ್ಲಿ ಎರಡು ಮೂರು ಅದಲುಬದಲಾದ ಕೇಬಲ್‌ಗಳು ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಓಡಾಡುತ್ತಿರುತ್ತವೆ, ಏಕೆಂದರೆ ಒಂದೇ ಸಿಗ್ನಲ್ ಇದ್ದಾಗ ಕಿವಿಗೆ ಏನೂ ಗೊತ್ತಾಗದು. ಆ್ಯಂಪಿಗೆ ಮೈಕ್ ಇಟ್ಟು ಡಿಐಯನ್ನೂ ಸೇರಿಸಿದ ದಿನ ಎರಡೂ ಒಂದನ್ನೊಂದು ತಿಂದು ಬೇಸ್ ಟೊಳ್ಳಾಗುತ್ತದೆ. ಹಾಗೆ ಅನಿಸಿದರೆ ಮಿಕ್ಸರಿನ ಪೊಲಾರಿಟಿ ಗುಂಡಿ ಒತ್ತಿ ನೋಡಿ, ತುಂಬಿ ಬಂದರೆ ಕೇಬಲ್ ಬಿಚ್ಚಿ ನೋಡಿ. ಜ್ಯಾಕ್ ಹಾಕುವಾಗ, ತೆಗೆಯುವಾಗ ಚಾನೆಲ್ ಮ್ಯೂಟ್ ಆಗಿದೆಯೇ ಎಂದು ಕೇಳಿಕೊಳ್ಳಿ. ಫ್ಯಾಂಟಮ್ ಇದ್ದಾಗ ಸಬ್‌ನಿಂದ ಬರುವ ಧಡ್ ಶಬ್ದ ಸ್ಪೀಕರಿಗೂ ಒಳ್ಳೆಯದಲ್ಲ, ಎದುರಿನ ಸಾಲಿನ ಹಿರಿಯರಿಗೂ.

ಹಾಗಾದರೆ ಯಾವುದು? ಬೇರೆ ಏನೂ ಇಲ್ಲದವರು ಡಿಐ100 ತನ್ನಿ, ಈ ತಿಂಗಳೇ. ಆ್ಯಂಪಿಗಾಗಿ ಕೂಡಿಡುತ್ತಿರುವವರು ಆ ದುಡ್ಡಿನಲ್ಲಿ ಮೊದಲು ಸಾನ್ಸ್‌ಆ್ಯಂಪ್ ಎರಡನೇ ಆವೃತ್ತಿ ತನ್ನಿ, ಆ್ಯಂಪ್ ಮುಂದಿನ ವರ್ಷ ನೋಡಿದರೂ ನಡೆಯುತ್ತದೆ. ಪಿಎಯಲ್ಲಿ, ಅಂದರೆ ಸಭೆಯ ಕಡೆಗಿನ ದೊಡ್ಡ ಸ್ಪೀಕರುಗಳಲ್ಲಿ, ಕೇಳುವವರಿಗೆ ಆ್ಯಂಪ್ ಕಾಣುವುದು ಮಾತ್ರ, ಕೇಳುವುದು ಡಿಐ. ಜೆಡಿಐಯನ್ನು ಬೇಸ್ ವಾದಕರು ಒಬ್ಬರೇ ಕೊಳ್ಳುವುದಕ್ಕಿಂತ ತಂಡವೇ ಸೇರಿ ಕೀಬೋರ್ಡಿಗೆಂದು ಕೊಳ್ಳುವುದು ಲೇಸು.

ಹಳೆಯದು ಸಿಕ್ಕರೆ ತೆಗೆದುಕೊಳ್ಳಬಹುದು, ಕರಾವಳಿಯಲ್ಲಿ ಬಳಸಿದ್ದಾದರೆ ಬಿಚ್ಚಿ ನೋಡಿ. ಮೊದಲು ಬ್ಯಾಟರಿ ಮುಚ್ಚಳ ತೆಗೆಯಿರಿ, ಕ್ಲಿಪ್ಪಿನ ಮೇಲೆ ಹಸಿರು ಪುಡಿ ಕಟ್ಟಿದ್ದರೆ ಒಳಗೂ ತೇವ ಹೊಕ್ಕಿರುತ್ತದೆ. ಜ್ಯಾಕ್ ಚುಚ್ಚಿ ಮೆಲ್ಲಗೆ ಅಲ್ಲಾಡಿಸಿ, ಸದ್ದು ಹೋಗಿ ಬಂದು ಮಾಡಿದರೆ ಸಾಕೆಟ್ಟಿನ ಬೆಸುಗೆ ಬಿರಿದಿದೆ. ಅದೊಂದೇ ದೋಷವಾದರೆ ಬೆಲೆ ಇಳಿಸಿ ಕೊಳ್ಳಿ, ಬೆಸುಗೆ ಹತ್ತು ನಿಮಿಷದ ಕೆಲಸ. ತಿರುಪುಗಳು ಕರಕರ ಎಂದರೆ ಎಲೆಕ್ಟ್ರಾನಿಕ್ಸ್ ಅಂಗಡಿಯ ಕಾಂಟ್ಯಾಕ್ಟ್ ಕ್ಲೀನರ್ ಒಂದು ಸಣ್ಣ ಸಿಂಪಡಿಕೆ, ಆಮೇಲೆ ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ತಿರುಗಿಸುವುದು. ಗೇಟಿನ ಕೀಲಿಗೆ ಹೊಡೆಯುವ ತುಕ್ಕಿನ ಎಣ್ಣೆ ಇದಕ್ಕೆ ಬೇಡ, ಅದರ ಜಿಡ್ಡು ಧೂಳು ಹಿಡಿದು ಇನ್ನಷ್ಟು ಕೆಡಿಸುತ್ತದೆ. ಮಲ್ಪೆ, ಪಣಂಬೂರು ಬೀಚಿನ ಕಾರ್ಯಕ್ರಮ ಮುಗಿದ ರಾತ್ರಿಯೇ ಎಕ್ಸ್‌ಎಲ್‌ಆರ್ ಪಿನ್‌ಗಳನ್ನು ಒಣಬಟ್ಟೆಯಲ್ಲಿ ಒರೆಸಿ, ಬ್ಯಾಟರಿ ಹೊರಗೆ ತೆಗೆದು, ಗಾಳಿಯಾಡದ ಡಬ್ಬಿಯಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಪೊಟ್ಟಣಗಳನ್ನು ತಿಂಗಳಿಗೊಮ್ಮೆ ಬದಲಿಸಬೇಕಾಗುತ್ತದೆ.